ಡೈಪರ್ ಕಸದ ವಾಸನೆಗೆ ದುಬಾರಿ ಡಬ್ಬಿ ಬೇಕೇ ಬೇಕಾ?

ಪ್ರಶ್ನೆ: ನಮ್ಮ ಮಗುವಿಗೆ ಎಂಟು ತಿಂಗಳು. ಗಟ್ಟಿ ಆಹಾರ ಶುರು ಮಾಡಿದ ಮೇಲೆ ಡೈಪರ್ ವಾಸನೆ ತಡೆಯಲು ಆಗುತ್ತಿಲ್ಲ. ಮನೆ ಚಿಕ್ಕದು, ಕಸದ ಗಾಡಿ ವಾರಕ್ಕೆ ಎರಡೇ ಸಲ ಬರುತ್ತದೆ. ಡೈಪರಿಗೆಂದೇ ಬರುವ ಡಬ್ಬಿ ತರೋಣ ಎಂದರೆ ಅದಕ್ಕೆ ಅವರದೇ ಚೀಲದ ಸುರುಳಿ ಪದೇ ಪದೇ ಹಾಕಬೇಕಂತೆ. ಮನೆಯಲ್ಲಿ ಒಬ್ಬರು ಸುಟ್ಟುಬಿಡಿ ಅಂತಾರೆ, ಇನ್ನೊಬ್ಬರು ಎಲ್ಲಾದರೂ ಹೂತುಬಿಡಿ ಅಂತಾರೆ. ಜಾಸ್ತಿ ಖರ್ಚಿಲ್ಲದೆ ಏನು ಮಾಡಬಹುದು?

ಉತ್ತರ: ಡಬ್ಬಿ ಸದ್ಯಕ್ಕೆ ತರಬೇಡಿ. ಅದು ಕೆಟ್ಟ ವಸ್ತು ಅಂತಲ್ಲ. ಮುಚ್ಚಳ ಬಿಗಿಯಾಗಿರುತ್ತದೆ, ಪ್ರತಿ ಡೈಪರನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಳಗೆ ತಳ್ಳುತ್ತದೆ, ವಾಸನೆಯೂ ಕಡಿಮೆಯಾಗುತ್ತದೆ. ಆದರೆ ಖರ್ಚು ಇರುವುದು ಡಬ್ಬಿಯಲ್ಲಲ್ಲ, ಆ ಸುರುಳಿಯಲ್ಲಿ. ದಿನಕ್ಕೆ 6 ಡೈಪರ್ ಎಂದು ಹಿಡಿದರೂ ತಿಂಗಳಿಗೆ 180 ಆಯಿತು, ಅಷ್ಟಕ್ಕೂ ಮಗು ಡೈಪರ್ ಬಿಡುವವರೆಗೆ ನೀವು ಸುರುಳಿ ಕೊಳ್ಳುತ್ತಲೇ ಇರಬೇಕು. ಅವಳಿ ಮಕ್ಕಳಿದ್ದರೆ, ಅಥವಾ ಕಸ ಇಳಿಸಲು ನಾಲ್ಕು ಮಹಡಿ ಹತ್ತಿ ಇಳಿಯಬೇಕಾದರೆ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆಗಲೂ ಯಾವ ಮಾಮೂಲಿ ಚೀಲ ಬೇಕಾದರೂ ಹಾಕಬಹುದಾದ ಡಬ್ಬಿಯನ್ನೇ ಆರಿಸಿ. ಯಾರಾದರೂ ಬಳಸಿ ಬಿಟ್ಟದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ವಾಸನೆ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಅದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಆಗಷ್ಟೇ ಮಾಡಿದ ಉಚ್ಚೆಗೆ ಹೆಚ್ಚು ವಾಸನೆ ಇರುವುದಿಲ್ಲ. ಅದರಲ್ಲಿ ಯೂರಿಯಾ ಇರುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಯೂರಿಯೇಸ್ ಎಂಬ ಕಿಣ್ವ ಇದೆ, ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂಗಿಗೆ ಚುರ್ ಅಂತ ಹೊಡೆಯುತ್ತದಲ್ಲ, ಅದೇ ಇದು. ಈ ಬ್ಯಾಕ್ಟೀರಿಯಾ ಧಾರಾಳವಾಗಿ ಇರುವುದು ಕಕ್ಕದಲ್ಲಿ. ಅಂದರೆ ಕಕ್ಕ ಮತ್ತು ಉಚ್ಚೆ ಎರಡೂ ಒಂದೇ ಡೈಪರಿನಲ್ಲಿ, ಬೆಚ್ಚಗಿನ ಜಾಗದಲ್ಲಿ, ಮೂರು ದಿನ ಕೂತರೆ ವಾಸನೆಯ ಕಾರ್ಖಾನೆಯೇ ಶುರುವಾಗುತ್ತದೆ. ಬರೀ ಹಾಲು ಕುಡಿಯುವ ಮಗುವಿನ ಕಕ್ಕಕ್ಕೆ ಅಷ್ಟು ವಾಸನೆ ಇರುವುದಿಲ್ಲ. ಗಟ್ಟಿ ಆಹಾರ ಬಂದ ಮೇಲೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಬದಲಾಗುತ್ತವೆ, ಕಕ್ಕದ ಸ್ವರೂಪವೂ ಬದಲಾಗುತ್ತದೆ. ನಿಮಗೆ ಈಗ ತೊಂದರೆ ಶುರುವಾಗಿದ್ದು ಅದಕ್ಕೇ.

ಹಾಗಾಗಿ ಮೊದಲ ಕೆಲಸ, ಒಂದು ಪೈಸೆ ಖರ್ಚಿಲ್ಲದ್ದು: ಕಕ್ಕ ಶೌಚಾಲಯಕ್ಕೆ, ಡೈಪರ್ ಕಸಕ್ಕೆ. ಇದನ್ನು ಅನೇಕ ಪ್ಯಾಕೆಟ್ಟುಗಳ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತಾರೆ, ಓದುವವರು ಕಡಿಮೆ. ಗಟ್ಟಿ ಆಹಾರ ತಿನ್ನುವ ಮಗುವಿನಲ್ಲಿ ಇದು ಸುಲಭ. ಡೈಪರನ್ನು ಕಮೋಡಿನ ಮೇಲೆ ಹಿಡಿಯಿರಿ, ಬೆನ್ನಿನ ಕಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಓರೆ ಮಾಡಿ ಮೆಲ್ಲಗೆ ಒದರಿ. ಉಂಡೆಯಾಗಿದ್ದರೆ ತಾನೇ ಜಾರುತ್ತದೆ. ಅಂಟಿಕೊಂಡದ್ದನ್ನು ರಟ್ಟಿನ ತುಂಡಿನಿಂದ ಗೀಚಿ ಬೀಳಿಸಿ, ಆ ರಟ್ಟನ್ನೂ ಡೈಪರಿನೊಳಗೇ ಮಡಚಿಬಿಡಿ. ರಟ್ಟನ್ನು ಕಮೋಡಿಗೆ ಹಾಕಬೇಡಿ. ಚೂರು ಉಳಿದರೂ ಪರವಾಗಿಲ್ಲ, ಮುಕ್ಕಾಲು ಭಾಗ ಹೋದರೆ ಸಾಕು, ವ್ಯತ್ಯಾಸ ಮಾರನೇ ದಿನವೇ ಗೊತ್ತಾಗುತ್ತದೆ.

ತೆಳ್ಳಗೆ ಹೋಗಿದ್ದರೆ? ಬಿಟ್ಟುಬಿಡಿ. ತೊಳೆಯಲು ಹೋಗಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಚೊಕ್ಕಟ ಇಷ್ಟಪಡುವವರು ಮೊದಲು ಮಾಡುವ ಕೆಲಸವೇ ನಲ್ಲಿ ಕೆಳಗೆ ಡೈಪರ್ ಹಿಡಿಯುವುದು. ಡೈಪರಿನ ಹೊಟ್ಟೆಯಲ್ಲಿ ಮರದ ತಿರುಳಿನ ಹತ್ತಿಯಂಥ ನಾರಿನ ಜೊತೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಬಿಳಿ ಹರಳಿನ ಪುಡಿ ಇರುತ್ತದೆ. ಡೈಪರುಗಳು 1980ರ ದಶಕದಿಂದ ಈಚೆಗೆ ಇಷ್ಟು ತೆಳ್ಳಗಾಗಿದ್ದು ಈ ಪುಡಿ ಬಂದಿದ್ದರಿಂದ. ಇದು ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಬಲ್ಲದು. ಉಚ್ಚೆಯಲ್ಲಿ ಉಪ್ಪಿನಂಶ ಇರುವುದರಿಂದ ಅಷ್ಟು ಹೀರಲಾಗದೆ ಹತ್ತಾರು ಪಟ್ಟಿಗೆ ನಿಲ್ಲುತ್ತದೆ. ಅಂದರೆ ಉಚ್ಚೆ ಕುಡಿದು ತುಂಬಿದ ಹಾಗೆ ಕಾಣುವ ಡೈಪರಿಗೂ ನಲ್ಲಿ ನೀರು ಬಿಟ್ಟರೆ ಅದು ಮತ್ತೂ ಊದುತ್ತದೆ, ಕೊನೆಗೆ ಹರಿದು ಬಚ್ಚಲ ತುಂಬ ಜೆಲ್ಲಿ. ಆ ಜೆಲ್ಲಿ ಮೋರಿಯಲ್ಲಿ ಕೂತರೆ ಪ್ಲಂಬರ್ ಖರ್ಚು ಡೈಪರ್ ಡಬ್ಬಿಗಿಂತ ಜಾಸ್ತಿ. ಇದೇ ಕಾರಣಕ್ಕೆ ಡೈಪರನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡುವ ಮಾತೇ ಬೇಡ. ವೆಟ್ ವೈಪ್ಸ್ ಕೂಡ ಬೇಡ. ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ಅವು ಟಾಯ್ಲೆಟ್ ಪೇಪರಿನ ಹಾಗೆ ಬೇಗ ಕರಗುವುದಿಲ್ಲ, ಪೈಪಿನೊಳಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಎರಡನೆಯದು ಸುತ್ತುವ ರೀತಿ. ಸುಮ್ನೆ ಮುದ್ದೆ ಮಾಡಿ ಎಸೆದರೆ ಜಾಗವೂ ಜಾಸ್ತಿ ಬೇಕು, ವಾಸನೆಯೂ ಹೊರಗೆ. ಕೊಳೆಯಾದ ಮೇಲ್ಮೈ ಒಳಗಿರುವಂತೆ ಮುಂಭಾಗದಿಂದ ಸುರುಳಿ ಸುತ್ತುತ್ತಾ ಬನ್ನಿ, ಸುತ್ತುವಾಗ ಬೆರಳಿನಿಂದ ಒತ್ತಿ ಗಾಳಿ ತೆಗೆಯಿರಿ. ಕೊನೆಗೆ ಬೆನ್ನಿನ ಕಡೆಯ ಎರಡು ಪಟ್ಟಿಗಳನ್ನು ಎಳೆದು ಸುರುಳಿಯ ಸುತ್ತ ಬಿಗಿಯಾಗಿ ಅಂಟಿಸಿ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಟ್ಟು ಆಗುತ್ತದೆ. ಡೈಪರಿನ ಹೊರಪದರ ಹೇಗೂ ನೀರು ಬಿಡದ ಪ್ಲಾಸ್ಟಿಕ್ಕು, ಅದೇ ಮೊದಲ ಚೀಲದ ಕೆಲಸ ಮಾಡುತ್ತದೆ. ಅದರ ಮೇಲೆ ಹಳೇ ಪೇಪರ್ ಒಂದು ಹಾಳೆ ಸುತ್ತಿದರೆ ಪಸೆಯನ್ನು ಅದು ಹೀರಿಕೊಳ್ಳುತ್ತದೆ.

ಚೀಲಕ್ಕೂ ದುಡ್ಡು ಕೊಡಬೇಕಾಗಿಲ್ಲ. ಬ್ರೆಡ್ಡಿನ ಕವರ್, ಹಿಟ್ಟಿನ ಕವರ್, ಪಾರ್ಸೆಲ್ ಬಂದ ಪ್ಲಾಸ್ಟಿಕ್ ಲಕೋಟೆ, ಯಾವುದಾದರೂ ಆದೀತು. ಎಲ್ಲಕ್ಕಿಂತ ಒಳ್ಳೆಯದು ಡೈಪರ್ ಬಂದ ಪ್ಯಾಕೆಟ್ಟೇ, ಅದು ದಪ್ಪ ಪ್ಲಾಸ್ಟಿಕ್ಕು. ಹೊಸ ಪ್ಯಾಕೆಟ್ ತೆರೆಯುವಾಗ ಮಧ್ಯದಲ್ಲಿ ಹರಿಯದೆ ಮೇಲಿನ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿ. ಹೊಸದಾಗಿದ್ದಾಗ ಒತ್ತಿ ತುಂಬಿದ್ದಷ್ಟು ಡೈಪರ್ ಬಳಸಿದ ಮೇಲೆ ಹಿಡಿಯುವುದಿಲ್ಲ, ಆದರೂ ದಿನದ್ದೋ ಎರಡು ದಿನದ್ದೋ ಆರಾಮಾಗಿ ಹಿಡಿಯುತ್ತದೆ. ಕೆಲವು ಪ್ಯಾಕೆಟ್ಟಿನಲ್ಲಿ ಗಾಳಿ ಆಡಲು ಸೂಜಿ ತೂತು ಇರುತ್ತದೆ, ಅದರ ಮೇಲೆ ಟೇಪ್ ಅಂಟಿಸಿ. ಒಂದು ಎಚ್ಚರಿಕೆ: ನಿಮ್ಮ ಮಗು ಇಷ್ಟರಲ್ಲೇ ಅಂಬೆಗಾಲಿಟ್ಟು ಮನೆಯೆಲ್ಲ ಓಡಾಡುತ್ತದೆ. ಖಾಲಿ ಪ್ಲಾಸ್ಟಿಕ್ ಕವರುಗಳನ್ನು ಅದರ ಕೈಗೆಟುಕದ ಜಾಗದಲ್ಲಿ ಇಡಿ, ಮುಖಕ್ಕೆ ಸುತ್ತಿಕೊಂಡರೆ ಉಸಿರು ಕಟ್ಟುತ್ತದೆ.

ಡಬ್ಬಿ ವಿಷಯ ಬೇಗ ಮುಗಿಸುತ್ತೇನೆ. ಮುಚ್ಚಳ ಬಿಗಿಯಾಗಿ ಕೂರುವ ಯಾವುದಾದರೂ ಚಿಕ್ಕ ಡಬ್ಬಿ ಸಾಕು. ಕಾಲಲ್ಲಿ ಒತ್ತುವಂಥದ್ದಾದರೆ ಕೊಳೆ ಕೈ ಮುಚ್ಚಳಕ್ಕೆ ತಾಗುವುದಿಲ್ಲ. ಪ್ಲಾಸ್ಟಿಕ್ ಡಬ್ಬಿ ದಿನ ಕಳೆದಂತೆ ವಾಸನೆ ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಸ್ಟೀಲಿನದ್ದಾದರೆ ಆ ತಾಪತ್ರಯ ಇಲ್ಲ. ದೊಡ್ಡ ಡಬ್ಬಿ ಮಾತ್ರ ಬೇಡವೇ ಬೇಡ. ದೊಡ್ಡದಿದ್ದರೆ ತುಂಬಲಿ ಅಂತ ಕಾಯುತ್ತೇವೆ, ತುಂಬುವ ಹೊತ್ತಿಗೆ ತಳದಲ್ಲಿರುವುದು ಐದು ದಿನ ಹಳೆಯದಾಗಿರುತ್ತದೆ. ಬಿಸಿಲು ಬೀಳದ, ಒಲೆ ಹತ್ತಿರ ಅಲ್ಲದ ಜಾಗದಲ್ಲಿ ಇಡಿ.

ಗಾಡಿ ವಾರಕ್ಕೆ ಎರಡೇ ಸಲ ಬರುವುದರಿಂದ ನೀವು ಎರಡು ಹಂತ ಮಾಡಿಕೊಳ್ಳಿ. ಮನೆಯೊಳಗಿನ ಚಿಕ್ಕ ಡಬ್ಬಿಯಲ್ಲಿ ಬರೀ ಉಚ್ಚೆಯ ಡೈಪರ್ ಮಾತ್ರ. ಕಕ್ಕ ಆದದ್ದನ್ನು ಖಾಲಿ ಮಾಡಿ, ಸುತ್ತಿ, ಬೇರೆ ಕವರಿನಲ್ಲಿ ಗಂಟು ಹಾಕಿ ನೇರ ಹೊರಗಿನ ಕಸದ ಬುಟ್ಟಿಗೆ, ಅಥವಾ ಬಾಲ್ಕನಿಯ ನೆರಳಿನಲ್ಲಿ ಮುಚ್ಚಳವಿರುವ ಬಕೆಟ್ಟಿಗೆ. ದಿನಕ್ಕೆ ಒಂದೋ ಎರಡೋ ಇರುತ್ತವೆ ಅಷ್ಟೇ, ಓಡಾಟ ಹೆಚ್ಚಾಗುವುದಿಲ್ಲ. ಒಳಗಿನ ಡಬ್ಬಿಯ ಚೀಲವನ್ನು ದಿನ ಬಿಟ್ಟು ದಿನ ಕಟ್ಟಿ ಹೊರಗೆ ಸಾಗಿಸಿ. ಅದಕ್ಕಿಂತ ಹೆಚ್ಚು ಇಡಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಸೆಕೆಯಲ್ಲಿ ನೊಣದ ಮೊಟ್ಟೆ ಒಂದು ದಿನದೊಳಗೇ ಒಡೆದು ಹುಳ ಆಗುತ್ತದೆ. ನೊಣ ಕೂರದ ಹಾಗೆ ಮುಚ್ಚಿಟ್ಟರೆ ಹುಳದ ಮಾತೇ ಇಲ್ಲ.

ವಾಸನೆಗೆ ಅಡುಗೆ ಸೋಡಾ ಉದುರಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಒಪ್ಪುವುದಿಲ್ಲ. ಅಡುಗೆ ಸೋಡಾ ಸ್ವಲ್ಪ ಕ್ಷಾರ, ಅಮೋನಿಯಾ ಕೂಡ ಕ್ಷಾರ. ಎರಡೂ ಒಂದೇ ಪಕ್ಷದವು, ಒಂದು ಇನ್ನೊಂದನ್ನು ಏನೂ ಮಾಡುವುದಿಲ್ಲ. ಹುಳಿ ಬಗೆಯ ವಾಸನೆಗೆ ಸೋಡಾ ಕೆಲಸಕ್ಕೆ ಬರುತ್ತದೆ, ಪಸೆಯನ್ನೂ ಒಂದಿಷ್ಟು ಹೀರುತ್ತದೆ, ಆದ್ದರಿಂದ ಡಬ್ಬಿಯ ತಳದಲ್ಲಿ ಒಂದು ಚಮಚ ಹಾಕಿದರೆ ನಷ್ಟವಿಲ್ಲ. ಉಚ್ಚೆ ವಾಸನೆಗೆ ಬೇಕಾದದ್ದು ಆಮ್ಲ. ಚೀಲ ಬದಲಿಸುವಾಗ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಡಬ್ಬಿಯ ಒಳಗೂ ಮುಚ್ಚಳದ ಅಂಚಿಗೂ ಒರೆಸಿ, ಒಣಗಲು ಬಿಡಿ. ತಳಕ್ಕೆ ಮಡಚಿದ ಪೇಪರ್ ಹಾಕಿ. ಸುವಾಸನೆಯ ಚೀಲಗಳಿಗೆ ದುಡ್ಡು ಕೊಡಬೇಡಿ. ಅವು ವಾಸನೆ ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹಾಕುತ್ತವೆ. ಕಕ್ಕದ ಜೊತೆ ಗುಲಾಬಿ ಸೇರಿದರೆ ಬರುವ ವಾಸನೆ ನನಗಂತೂ ಬರೀ ಕಕ್ಕಕ್ಕಿಂತ ಕಷ್ಟ.

ಬ್ಲೀಚ್ ಬಗ್ಗೆ ಮಾತ್ರ ಹುಷಾರಾಗಿರಿ. ಉಚ್ಚೆ ಪಸೆ ಇರುವ ಡಬ್ಬಿಗೆ ಬ್ಲೀಚ್ ಸುರಿದರೆ ಅಮೋನಿಯಾ ಜೊತೆ ಸೇರಿ ಕ್ಲೋರಮೀನ್ ಎಂಬ ವಿಷದ ಗಾಳಿ ಬರುತ್ತದೆ. ವಿನೆಗರ್ ಹಾಕಿದ ಡಬ್ಬಿಗೆ ಬ್ಲೀಚ್ ಸುರಿದರೆ ಕ್ಲೋರಿನ್ನೇ ಬರುತ್ತದೆ. ಎರಡೂ ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಅಪಾಯ, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಇನ್ನೂ ಜಾಸ್ತಿ. ಬ್ಲೀಚ್ ಬೇಕೇ ಬೇಕು ಅನ್ನಿಸಿದರೆ ಮೊದಲು ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಬರೀ ನೀರಲ್ಲಿ ಜಾಲಿಸಿ, ಆಮೇಲೆ ಗಾಳಿಯಾಡುವ ಜಾಗದಲ್ಲಿ ಬಳಸಿ.

ಇನ್ನು ಸುಡುವುದು. ಬೇಡ. ಒಳಗೆ ಜೆಲ್ ಹಿಡಿದಿಟ್ಟ ನೀರಿದೆ, ಹೊರಗೆ ಪಾಲಿಥೀನ್, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕು. ಒದ್ದೆ ವಸ್ತು ಸರಿಯಾಗಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅರ್ಧಂಬರ್ಧ ಉರಿದ ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಮಸಿ, ಕಾರ್ಬನ್ ಮೊನಾಕ್ಸೈಡ್ ಎಲ್ಲ ಇರುತ್ತದೆ, ಬೇರೆ ಕಸದ ಜೊತೆ ಸೇರಿಸಿ ಬಯಲಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಕೂಡ ಹುಟ್ಟಬಹುದು. ಆ ಹೊಗೆ ಕುಡಿಯುವುದು ಯಾರು? ಮನೆಯಲ್ಲಿರುವ ಎಳೆಯ ಶ್ವಾಸಕೋಶವೇ ಅಲ್ವಾ. ಕಸದ ದೊಡ್ಡ ಘಟಕಗಳಲ್ಲಿ ಸುಡುತ್ತಾರಲ್ಲ ಅಂದರೆ, ಅಲ್ಲಿನ ಬಿಸಿ 850 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ ಇರುತ್ತದೆ, ಹೊಗೆ ಶೋಧಿಸುವ ಯಂತ್ರಗಳಿರುತ್ತವೆ. ಮನೆಯ ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ.

ಹೂಳುವುದೂ ಪರಿಹಾರವಲ್ಲ. ತಿರುಳಿನ ನಾರು ಕೊಳೆಯುತ್ತದೆ, ಪ್ಲಾಸ್ಟಿಕ್ಕು ಹಾಗೇ ಉಳಿಯುತ್ತದೆ. ಅದಕ್ಕೂ ಮೊದಲು ನಾಯಿ ಬಂದು ಅಗೆದು ಊರೆಲ್ಲ ಎಳೆದಾಡುತ್ತದೆ. ಬಾವಿಯೋ ಕೊಳವೆಬಾವಿಯೋ ಹತ್ತಿರ ಇದ್ದರೆ ಕಕ್ಕದ ರೋಗಾಣು ನೀರಿಗೆ ಸೇರುವ ಭಯ ಬೇರೆ. ಚಿಕ್ಕ ಮಗುವಿನ ಕಕ್ಕ ಏನೂ ಮಾಡುವುದಿಲ್ಲ ಅನ್ನುವ ನಂಬಿಕೆ ಬಹಳ ಜನರಲ್ಲಿ ಇದೆ, ಅದು ಸರಿಯಲ್ಲ. ರೋಟಾವೈರಸ್, ಹೆಪಟೈಟಿಸ್ ಎ ಎಲ್ಲ ಮಗುವಿನ ಕಕ್ಕದಿಂದಲೂ ಹರಡುತ್ತವೆ.

ಗೊಬ್ಬರದ ಗುಂಡಿಗೆ ಹಾಕಬಹುದಾ ಅಂತ ಕೇಳುವವರೂ ಇದ್ದಾರೆ. ಮಾಮೂಲಿ ಡೈಪರ್ ಹಾಕಲೇಬಾರದು. ‘ಮಣ್ಣಲ್ಲಿ ಕರಗುತ್ತದೆ’ ಅಂತ ಮಾರುವ ದುಬಾರಿ ಡೈಪರುಗಳ ಕಥೆಯೂ ಪೂರ್ತಿ ನಿಜವಲ್ಲ. ಅವುಗಳಲ್ಲಿ ಬಹಳಷ್ಟಕ್ಕೆ ದೊಡ್ಡ ಗೊಬ್ಬರ ಘಟಕದ ಬಿಸಿ ಬೇಕು. ರೋಗಾಣು ಸಾಯಲು ರಾಶಿ 55 ಡಿಗ್ರಿಗಿಂತ ಮೇಲೆ ದಿನಗಟ್ಟಲೆ ಬಿಸಿ ಇರಬೇಕು. ಮನೆಯ ಗೊಬ್ಬರದ ಡಬ್ಬಿ ಸಾಮಾನ್ಯವಾಗಿ ಅಷ್ಟು ಬಿಸಿಯಾಗುವುದಿಲ್ಲ. ಕಸದ ಗಾಡಿಗೇ ಹಾಕುವುದಾದರೆ ಆ ಡೈಪರಿಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನಿಜವಾಗಿ ದುಡ್ಡು ಉಳಿಯುವುದು ಡೈಪರ್ ಸಂಖ್ಯೆಯೇ ಕಡಿಮೆಯಾದಾಗ. ಅದಕ್ಕೆ ಮೂರು ದಾರಿ ಇವೆ, ಮೂರನ್ನೂ ಮಾಡಬೇಕೆಂದಿಲ್ಲ. ನನಗೆ ಬಹಳ ಹಿಡಿಸಿದ್ದು ಪಾಟಿ, ಅಂದರೆ ಚಿಕ್ಕ ಮಕ್ಕಳನ್ನು ಕಕ್ಕಕ್ಕೆ ಕೂರಿಸುವ ಪುಟ್ಟ ಪಾತ್ರೆ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚಲಿಸಲು ಶುರು ಮಾಡುತ್ತದೆ. ಇದು ಎಲ್ಲರ ದೇಹದಲ್ಲೂ ಇರುವ ಪ್ರತಿಕ್ರಿಯೆ, ಮಕ್ಕಳಲ್ಲಿ ಎದ್ದು ಕಾಣುತ್ತದೆ. ಊಟ ಆಗಿ ಹತ್ತು ಹದಿನೈದು ನಿಮಿಷಕ್ಕೆ ಮಗು ಆಟ ನಿಲ್ಲಿಸಿ, ಮುಖ ಕೆಂಪು ಮಾಡಿ, ಒಂದೇ ಕಡೆ ದಿಟ್ಟಿಸುವುದನ್ನು ನೀವೂ ನೋಡಿರುತ್ತೀರಿ. ಆ ಹೊತ್ತಿಗೆ ಡೈಪರ್ ಬಿಚ್ಚಿ ಪಾಟಿಯ ಮೇಲೆ ಹಿಡಿದು ಕೂರಿಸಿ, ಅಥವಾ ಕಾಲ ಮೇಲೆ ಕೂರಿಸಿಕೊಳ್ಳಿ. ಎಂಟು ತಿಂಗಳಿಗೆ ಆಸರೆ ಕೊಟ್ಟರೆ ಕೂರುವ ಮಕ್ಕಳೇ ಜಾಸ್ತಿ. ಎರಡು ಮೂರು ನಿಮಿಷ ನೋಡಿ, ಬರದಿದ್ದರೆ ಎಬ್ಬಿಸಿ, ಬಲವಂತ ಮಾಡಬೇಡಿ. ಇದು ಪಾಟಿ ತರಬೇತಿ ಅಲ್ಲ, ಅದಕ್ಕೆ ಇನ್ನೂ ಕಾಲ ಇದೆ. ಸಮಯ ನೋಡಿ ಹಿಡಿಯುವುದು ಅಷ್ಟೇ. ದಿನಕ್ಕೆ ಒಂದು ಕಕ್ಕ ಸಿಕ್ಕರೂ ಆ ದಿನದ ಅತಿ ಕೆಟ್ಟ ಡೈಪರ್ ನಿಮ್ಮ ಡಬ್ಬಿಗೆ ಬರಲಿಲ್ಲ.

ಇನ್ನೊಂದು ವೈಪ್ಸ್. ಒಂದು ಸಲ ಬದಲಿಸಲು ನಾಲ್ಕು ವೈಪ್ಸ್ ಹೋದರೆ ಕಸದ ಗಾತ್ರ ಎಷ್ಟಾಯಿತು ನೋಡಿ. ಅವುಗಳಲ್ಲಿ ಬಹಳಷ್ಟರ ನಾರು ಪ್ಲಾಸ್ಟಿಕ್ಕಿನದೇ. ಮನೆಯಲ್ಲಿ ಇರುವಾಗ ಉಗುರು ಬೆಚ್ಚಗಿನ ನೀರು, ಹಳೇ ಕಾಟನ್ ಬಟ್ಟೆಯ ತುಂಡುಗಳು ಸಾಕು, ಹೊರಗೆ ಹೋಗುವಾಗ ಮಾತ್ರ ವೈಪ್ಸ್ ಇಟ್ಟುಕೊಳ್ಳಿ.

ಮೂರನೆಯದು ಬಟ್ಟೆ ಡೈಪರ್. ಪೂರ್ತಿ ಬಟ್ಟೆಗೇ ಬದಲಾಗಿ ಅಂತ ಹೇಳುವವನು ನಾನಲ್ಲ, ಚಿಕ್ಕ ಮನೆಯಲ್ಲಿ ಒಣಗಿಸುವುದು ಎಷ್ಟು ಕಷ್ಟ ಅಂತ ಗೊತ್ತು. ಹಗಲು ಮನೆಯಲ್ಲಿರುವಾಗ ಬಟ್ಟೆ, ರಾತ್ರಿ ಮತ್ತು ಪ್ರಯಾಣಕ್ಕೆ ಬಿಸಾಡುವಂಥದ್ದು, ಹೀಗೆ ಮಾಡಿದರೆ ಕಸ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಟ್ಟೆಯದ್ದಕ್ಕೆ ನೀರು ಹಾಯಿಸಿ ಕಕ್ಕ ತೊಳೆಯಬಹುದು, ಅದರಲ್ಲಿ ಆ ಪುಡಿ ಇಲ್ಲವಲ್ಲ. ತೊಳೆದದ್ದನ್ನು ಹಿಂಡಿ, ಒಣ ಬಕೆಟ್ಟಿನಲ್ಲಿ ಹಾಕಿಡಿ. ನೀರು ತುಂಬಿದ ಬಕೆಟ್ಟಿನಲ್ಲಿ ನೆನೆಹಾಕಿ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನಾಲ್ಕು ಬೆರಳು ನೀರಿದ್ದರೂ ಮಗು ತಲೆಕೆಳಗಾಗಿ ಬಿದ್ದರೆ ಎದ್ದು ಬರಲಾರದು. ಎರಡು ದಿನಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಹಳದಿ ಕಲೆಯನ್ನು ಬಿಸಿಲೇ ತೆಗೆಯುತ್ತದೆ. ಬಟ್ಟೆ ಮೆತ್ತಗಾಗಿಸುವ ಕಂಡೀಷನರ್ ಹಾಕಬೇಡಿ, ಅದು ಬಟ್ಟೆಯ ಹೀರುವ ಗುಣವನ್ನೇ ಕೆಡಿಸುತ್ತದೆ. ಬಟ್ಟೆ ಅಂದ ತಕ್ಷಣ ಪರಿಸರಕ್ಕೆ ಒಳ್ಳೆಯದು ಅಂತಲೂ ಅಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ, ಲಾಭವೋ ನಷ್ಟವೋ ಅನ್ನುವುದು ಒಗೆಯುವ ರೀತಿಯ ಮೇಲೆ ನಿಂತಿತ್ತು. ಯಂತ್ರ ತುಂಬಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದವರಿಗೆ ಲಾಭ. ಅತಿ ಬಿಸಿ ನೀರು, ಡ್ರೈಯರ್ ಅಂದರೆ ಆ ಲಾಭ ಹೋಯಿತು.

ಒಗೆಯುವ ಮಾತು ಬಂತಲ್ಲ, ಕಣ್ತಪ್ಪಿ ಬಿಸಾಡುವ ಡೈಪರ್ ವಾಷಿಂಗ್ ಮೆಷಿನ್ನಿಗೆ ಹೋಗಿಬಿಟ್ಟರೆ ಗಾಬರಿಯಾಗಬೇಡಿ. ಬಟ್ಟೆಗೆಲ್ಲ ಜೆಲ್ಲಿ ಮೆತ್ತಿರುತ್ತದೆ. ಮತ್ತೆ ನೀರು ಬಿಡಬೇಡಿ, ಬಟ್ಟೆಗಳನ್ನು ಒಣಗಿಸಿ ಹೊರಗೆ ಒದರಿ, ಡ್ರಮ್ಮಿನಲ್ಲಿ ಇರುವುದನ್ನು ಒಣ ಪೇಪರಿನಿಂದ ಬಾಚಿ ತೆಗೆಯಿರಿ. ಉಳಿದ ಚೂರಿಗೆ ಉಪ್ಪು ಉದುರಿಸಿದರೆ ಜೆಲ್ಲಿ ನೀರು ಬಿಟ್ಟು ಕುಗ್ಗುತ್ತದೆ, ಆಮೇಲೆ ಒರೆಸಿ. ಪಾಪು ನೆಲದ ಮೇಲೆ ಬಿದ್ದ ಜೆಲ್ಲಿ ಬಾಯಿಗಿಡದ ಹಾಗೆ ನೋಡಿಕೊಳ್ಳಿ.

ಮಗುವಿಗೆ ಭೇದಿ ಆದಾಗ ಮಾತ್ರ ಈ ಉಳಿತಾಯದ ಲೆಕ್ಕ ಬದಿಗಿಡಿ. ಪ್ರತಿ ಡೈಪರನ್ನೂ ಎರಡು ಕವರಿನಲ್ಲಿ ಕಟ್ಟಿ ಆಗಲೇ ಹೊರಗೆ ಹಾಕಿ. ಕೈಯನ್ನು ಸೋಪು ಹಾಕಿ 20 ಸೆಕೆಂಡ್ ಉಜ್ಜಿ ತೊಳೆಯಿರಿ. ಸ್ಯಾನಿಟೈಸರ್ ನಂಬಬೇಡಿ, ನೊರೊವೈರಸ್ಸಿನಂಥ ಭೇದಿಯ ವೈರಾಣುಗಳು ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಪೋಲಿಯೊ ಹನಿ, ರೋಟಾವೈರಸ್ ಹನಿ ಹಾಕಿಸಿದ ಮೇಲೂ ಲಸಿಕೆಯ ವೈರಾಣು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಕಕ್ಕದಲ್ಲಿ ಬರುತ್ತದೆ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ರೋಗ ನಿರೋಧಕ ಶಕ್ತಿ ಕುಂದಿದವರು ಇದ್ದರೆ ಆ ದಿನಗಳಲ್ಲಿ ಡೈಪರ್ ಬದಲಿಸುವ ಕೆಲಸ ಅವರಿಗೆ ಬೇಡ.

ಕೊನೆಗೆ, ಗಾಡಿಗೆ ಹಾಕುವಾಗ. ನಿಮ್ಮ ಚೀಲವನ್ನು ಮುಂದೆ ಯಾರೋ ಕೈಯಿಂದ ಎತ್ತುತ್ತಾರೆ, ಎಷ್ಟೋ ಕಡೆ ಬಿಚ್ಚಿ ಬೇರೆ ಬೇರೆ ಮಾಡುತ್ತಾರೆ. ಹಸಿ ಕಸಕ್ಕೆ ಸೇರಿಸಿದರೆ ಅಷ್ಟೂ ಗೊಬ್ಬರ ಕೆಡುತ್ತದೆ, ಮರುಬಳಕೆಯ ಪ್ಲಾಸ್ಟಿಕ್ಕಿಗೆ ಸೇರಿಸಿದರೆ ಆ ಪ್ಲಾಸ್ಟಿಕ್ಕೂ ಹಾಳು. ಬೇರೆಯೇ ಕಟ್ಟಿ, ಬಾಯಿ ಗಂಟು ಹಾಕಿ, ಮೇಲೆ ದಪ್ಪ ಪೆನ್ನಿನಲ್ಲಿ ‘ಡೈಪರ್’ ಅಂತ ಬರೆಯಿರಿ, ಬಿಚ್ಚುವ ಮೊದಲೇ ಅವರಿಗೆ ಗೊತ್ತಾಗಲಿ. ಹಿಂದಿನ ರಾತ್ರಿಯೇ ರಸ್ತೆಗೆ ಇಡಬೇಡಿ, ಬೆಳಗಾಗುವುದರೊಳಗೆ ನಾಯಿ ಬೆಕ್ಕು ಹರಿದಿರುತ್ತವೆ. ಗಾಡಿಯವರನ್ನೇ ಒಂದು ಮಾತು ಕೇಳಿ ನೋಡಿ. ಕೆಲವು ಕಡೆ ಡೈಪರಿಗೆ, ಸ್ಯಾನಿಟರಿ ಪ್ಯಾಡಿಗೆ ಬೇರೆ ಚೀಲವೇ ಕೊಡುತ್ತಾರೆ, ಬೇರೆ ದಿನ ಬಂದು ಒಯ್ಯುವ ವ್ಯವಸ್ಥೆಯೂ ಇರುತ್ತದೆ. ಕೇಳದೆ ಇದ್ದರೆ ಯಾರೂ ಮನೆಬಾಗಿಲಿಗೆ ಬಂದು ಹೇಳುವುದಿಲ್ಲ.